ಐಸಮ್ಮನ ಸೊಸೆಗೆ ದಿನಕ್ಕೊಂದು ಸೂಜಿ

ಐಸಮ್ಮನ ಮನೆಯ ತೊಟ್ಟಿಲು ಮೂರನೆಯ ಸಲ ಅಟ್ಟ ಸೇರಿತು.

ಸೊಸೆ ಬಸುರಿ ಎಂದು ಗೊತ್ತಾದ ದಿನವೇ ಮಗ ತೊಟ್ಟಿಲನ್ನು ಇಳಿಸಿ, ಧೂಳು ಒರೆಸಿ, ಕಾಲುಗಳಿಗೆ ಹೊಸದಾಗಿ ಬಣ್ಣ ಬಳಿಯುತ್ತಿದ್ದ. ಆಮೇಲೊಂದು ದಿನ ಯಾರಿಗೂ ಏನೂ ಹೇಳದೆ ಅದನ್ನು ಮತ್ತೆ ಮೇಲಕ್ಕೆ ಏರಿಸುತ್ತಿದ್ದ. ಮೊದಲೆರಡು ಸಲ ಮೂರು ತಿಂಗಳೂ ತುಂಬಿರಲಿಲ್ಲ. ಈ ಸಲ ಆರನೆಯ ತಿಂಗಳು ನಡೆಯುತ್ತಿತ್ತು. ಹೊಟ್ಟೆ ಕಾಣಿಸುತ್ತಿತ್ತು, ಮಗು ಒದೆಯುತ್ತಿತ್ತು. ಒಂದು ದಿನ ಒದೆತ ನಿಂತಿತು. ಆಸ್ಪತ್ರೆಯಲ್ಲಿ ಎಷ್ಟು ಹುಡುಕಿದರೂ ಎದೆಬಡಿತ ಸಿಗಲಿಲ್ಲ.

ಐಸಮ್ಮ ಎಂದರೆ ಬೀದಿಯ ತುದಿಯ ಐಸ್‌ಕ್ಯಾಂಡಿ ಅಂಗಡಿಯ ಯಜಮಾನಿ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದೇ ಗೋಡೆ. ಗಂಡ ಹೋದ ಮೇಲೆ ಒಬ್ಬಳೇ ಅಂಗಡಿ ನಡೆಸಿ ಮಗನನ್ನು ದೊಡ್ಡವನನ್ನಾಗಿ ಮಾಡಿದ ಹೆಂಗಸು. ಮಾತು ಖಾರ, ಕೈ ಧಾರಾಳ. ಸಕ್ಕರೆ ನೀರಿಗೆ ಬಣ್ಣ ಬೆರೆಸಿ, ಅಚ್ಚುಗಳಿಗೆ ಸುರಿದು, ಕಡ್ಡಿ ನಿಲ್ಲಿಸಿ, ಕೊರೆಯುವ ಉಪ್ಪುನೀರಿನ ತೊಟ್ಟಿಗೆ ಇಳಿಸುವುದರಲ್ಲಿ ಆಕೆಯದು ಎತ್ತಿದ ಕೈ. ಗಟ್ಟಿಯಾದ ಕ್ಯಾಂಡಿಗೆ ಕಾಗದ ಸುತ್ತಿ ಫ್ರೀಜರಿನಲ್ಲಿ ಜೋಡಿಸುವುದು ಸೊಸೆಯ ಕೆಲಸ. ತಳ್ಳುಗಾಡಿಯಲ್ಲಿ ಗಂಟೆ ಬಾರಿಸುತ್ತ ಊರು ಸುತ್ತಿ ಮಾರುವುದು ಮಗನ ಕೆಲಸ. ಮಗ ಮಾತಿನಲ್ಲಿ ಮಹಾ ಜಿಪುಣ. ಗಾಡಿಯ ಗಂಟೆಯೇ ಅವನಿಗಿಂತ ಹೆಚ್ಚು ಮಾತಾಡುತ್ತದೆ ಎಂದು ಸೊಸೆ ಗೇಲಿ ಮಾಡುತ್ತಿದ್ದಳು. ಅವಳು ಬಾಯಿ ತೆರೆದರೆ ಮುಚ್ಚುವವಳಲ್ಲ. ಅತ್ತೆ ಒಂದು ಹೇಳಿದರೆ ಎರಡು ಹೇಳಿ ನಗಿಸುವಳು. ಮೂರನೆಯ ಮಗು ಹೋದ ಮೇಲೆ ಆ ಬಾಯಿಗೆ ಬೀಗ ಬಿತ್ತು.

ಇಂಥ ಹೊತ್ತಿನಲ್ಲಿ ಬೀದಿಗೆ ಬೀದಿಯೇ ಡಾಕ್ಟರಾಗುತ್ತದೆ. ಭಾರ ಎತ್ತಿದಳಂತೆ ಎಂದರು ಎದುರುಮನೆಯಾಕೆ. ತೀರ ತೆಳ್ಳಗಿದ್ದಾಳೆ, ಮಗು ಎಲ್ಲಿ ನಿಂತೀತು ಎಂದರು ಮೂಲೆಮನೆಯಾಕೆ. ಮೆಟ್ಟಿಲು ಹತ್ತಿದ್ದು, ಗಂಡನ ಜೊತೆ ಬಸ್ಸಿನಲ್ಲಿ ಹೋಗಿದ್ದು, ಜೋರಾಗಿ ನಕ್ಕಿದ್ದು, ಎಲ್ಲವೂ ಅವಳ ಲೆಕ್ಕಕ್ಕೆ ಬಂತು. ಐಸಮ್ಮನ ತೀರ್ಪು ಮಾತ್ರ ಬೇರೆ. ಇದೆಲ್ಲ ಥಂಡಿಯ ಕೆಲಸ. ದಿನವಿಡೀ ಫ್ರೀಜರಿನೊಳಗೆ ಬಗ್ಗಿ ಕೈಯಾಡಿಸಿದರೆ ಹೊಟ್ಟೆಯೊಳಗಿನ ಮಗುವಿಗೆ ಥಂಡಿ ಹತ್ತದೆ ಇರುತ್ತದೆಯೇ?

ಅದನ್ನು ಆಕೆ ಸೊಸೆಯ ಮುಖದ ಮೇಲೇ ಹೇಳಿದಳು. "ಬಸುರೀಲಿ ಆ ಪೆಟ್ಟಿಗೆ ಹತ್ರ ಹೋಗ್ಬೇಡ ಅಂತ ಎಷ್ಟು ಸಲ ಹೇಳಿದ್ದೆ? ನೀನು ಕೇಳಿದ್ಯಾ?"

ಸೊಸೆ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ನಿಜ ಹೇಳಬೇಕೆಂದರೆ ಆ ಕ್ಷಣ ಐಸಮ್ಮನೊಳಗೆ ಇದ್ದದ್ದು ಸಿಟ್ಟಲ್ಲ, ಸಂಕಟ. ಆರು ತಿಂಗಳು ಆಕೆಯೂ ಆ ಮಗುವಿನ ಜೊತೆ ಮಾತಾಡಿದ್ದಳು. ಆದರೆ ಸಂಕಟ ನಾಲಿಗೆಯ ತುದಿಗೆ ಬರುವಷ್ಟರಲ್ಲಿ ಸಿಟ್ಟಿನ ವೇಷ ಹಾಕಿಕೊಂಡಿತ್ತು. ಆ ದಿನದಿಂದ ಫ್ರೀಜರಿನ ಮುಚ್ಚಳ ತೆಗೆಯುವ ಅಧಿಕಾರ ಐಸಮ್ಮನೊಬ್ಬಳದೇ ಆಯಿತು.

ಬೀದಿಯಾಚೆಯ ಆರೋಗ್ಯ ಕೇಂದ್ರದ ನರ್ಸಮ್ಮ ಕೆಲಸ ಮುಗಿಸಿ ಮನೆಗೆ ಹೋಗುವಾಗ ಒಂದು ನಿಂಬೆ ಕ್ಯಾಂಡಿ ಕೊಂಡು, ಅಂಗಡಿಯ ಮೆಟ್ಟಿಲ ಮೇಲೆ ಕೂತು, ಚಪ್ಪಲಿ ಬಿಟ್ಟು ಕಾಲು ಚಾಚುವುದು ವಾಡಿಕೆ. ಆ ಹೊತ್ತಿನಲ್ಲಿ ರೋಗಿಯ ಮಾತು ಎತ್ತಬೇಡಿ ಎಂದು ಎಲ್ಲರಿಗೂ ತಾಕೀತು ಮಾಡಿದ್ದರು. ಆ ತಾಕೀತನ್ನು ಅವರೇ ಮುರಿದರು. ಒಳಗೆ ಕಡ್ಡಿಗಳನ್ನು ಸುಮ್ಮನೆ ಎಣಿಸುತ್ತ ಕೂತಿದ್ದ ಸೊಸೆಯನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಮಗು ಉಳಿಯದೆ ಇರುವುದು ಒಂದು ಸಲ ಆದರೆ ಎಷ್ಟೋ ಕಾರಣ ಇರಬಹುದು, ಹೀಗೆ ಮತ್ತೆ ಮತ್ತೆ ಆದರೆ, ಅದರಲ್ಲೂ ಇಷ್ಟು ಬೆಳೆದ ಮಗು ಹೋದರೆ, ಕಾರಣ ಹುಡುಕಲೇಬೇಕು ಎಂದರು. ಆಮೇಲೆ ಕೇಳಿದರು:

"ನಿನ್ನ ರಕ್ತ ಯಾರಾದ್ರೂ ಅದಕ್ಕೇ ಅಂತ ಪರೀಕ್ಷೆ ಮಾಡಿಸಿದ್ರೇನಮ್ಮ?"

ಯಾರೂ ಮಾಡಿಸಿರಲಿಲ್ಲ. ಕಾರಣ ಎಲ್ಲರಿಗೂ ಗೊತ್ತಿತ್ತಲ್ಲ, ಇನ್ನು ಪರೀಕ್ಷೆ ಏಕೆ?

ದೊಡ್ಡಾಸ್ಪತ್ರೆಗೆ ಗಂಡ ಹೆಂಡತಿ ಇಬ್ಬರೇ ಹೋಗಿಬಂದರು. ಐಸಮ್ಮ ಅಂಗಡಿ ಬಿಟ್ಟು ಏಳಲಿಲ್ಲ. ರಕ್ತ ತೆಗೆದ ಮೇಲೆ ಡಾಕ್ಟರಮ್ಮ, ಇದನ್ನೇ ಹನ್ನೆರಡು ವಾರ ಬಿಟ್ಟು ಇನ್ನೊಮ್ಮೆ ಮಾಡಬೇಕು, ಎರಡು ಸಲವೂ ಅದೇ ಬಂದರೆ ಮಾತ್ರ ಖಚಿತ ಎಂದರಂತೆ. ಅಷ್ಟು ದಿನ ಕಾಯುವುದೇ ಒಂದು ಶಿಕ್ಷೆಯಾಯಿತು. ಎರಡನೆಯ ಸಲವೂ ಅದೇ ಬಂತು. ಕಾಯಿಲೆಯ ಹೆಸರು ಆಂಟಿಫಾಸ್ಫೋಲಿಪಿಡ್ ಸಿಂಡ್ರೋಮ್. ಚಿಕ್ಕದಾಗಿ ಎಪಿಎಸ್.

ಆ ಹೆಸರು ಹೇಳಲು ಹೋಗಿ ಮಗ ಮೂರು ಕಡೆ ಎಡವಿದ. ಕೊನೆಗೆ ಸೊಸೆಯೇ ಹೇಳಿದಳು. ಅಷ್ಟು ದಿನ ಸಪ್ಪಗಿದ್ದ ಅವಳ ಕಣ್ಣಲ್ಲಿ ಅವತ್ತು ಏನೋ ಇತ್ತು. ಡಾಕ್ಟರಮ್ಮ ತನಗೆ ಹೇಳಿದ ಒಂದು ಮಾತನ್ನು ಅವಳು ದಾರಿಯುದ್ದಕ್ಕೂ ಜೋಪಾನ ಮಾಡಿಕೊಂಡು ಬಂದಿದ್ದಳು. ಅದನ್ನು ಅತ್ತೆಯ ಮುಂದೆ ಇಟ್ಟಳು.

"ನನ್ನಿಂದ ಏನೂ ತಪ್ಪಾಗಿಲ್ವಂತೆ ಅತ್ತೆ. ನಾನು ಎತ್ತಿದ್ದು ಇಳಿಸಿದ್ದು ಯಾವುದೂ ಕಾರಣ ಅಲ್ವಂತೆ."

ಐಸಮ್ಮ ಹೂಂ ಎಂದಳು. ಆ ಹೂಂಗೆ ಹೌದು ಎಂಬ ಅರ್ಥವಿರಲಿಲ್ಲ.

ಮುಂದೆ ಡಾಕ್ಟರಮ್ಮ ಒಪ್ಪಿಗೆ ಕೊಟ್ಟ ಮೇಲೆ ಸೊಸೆ ನಾಲ್ಕನೆಯ ಸಲ ಬಸುರಿಯಾದಳು. ಈ ಸಲ ಮಗ ತೊಟ್ಟಿಲಿನ ಹೆಸರೆತ್ತಲಿಲ್ಲ. ಗೊತ್ತಾದ ಕೂಡಲೇ ಇಬ್ಬರೂ ಆಸ್ಪತ್ರೆಗೆ ಓಡಿದರು. ಬರುವಾಗ ಒಂದು ಮಾತ್ರೆಯ ಚೀಟಿ, ಒಂದು ರಟ್ಟಿನ ಡಬ್ಬಿ ತುಂಬ ಸಣ್ಣ ಇಂಜೆಕ್ಷನ್ನುಗಳು. ಮಾತ್ರೆ ದಿನಕ್ಕೊಂದು, ನುಂಗಬೇಕು. ಇಂಜೆಕ್ಷನ್ನೂ ದಿನಕ್ಕೊಂದು, ಹೊಟ್ಟೆಯ ಚರ್ಮದಡಿ ಚುಚ್ಚಿಕೊಳ್ಳಬೇಕು. ಅದೂ ಹೆರಿಗೆಯಾಗುವವರೆಗೆ, ಆದ ಮೇಲೂ ಕೆಲವು ವಾರ.

ಐಸಮ್ಮನಿಗೆ ತಲೆ ಕೆಟ್ಟಿತು. ಮಾತ್ರೆಯ ಹೆಸರು ಆಸ್ಪಿರಿನ್ ಎಂದು ಕೇಳಿ, ತಲೆನೋವಿನ ಮಾತ್ರೆ ಬಸಿರಿಗೆ ಏಕೆ ಎಂದು ಮೂಗು ಮುರಿದಳು. ಇಂಜೆಕ್ಷನ್ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ ಎಂದು ತಿಳಿದ ಮೇಲಂತೂ ಊಟವನ್ನೇ ಬಿಟ್ಟಳು. ಮೊದಲೇ ನಿಲ್ಲದ ಮಗು, ಅದರ ಮೇಲೆ ರಕ್ತ ನೀರು ಮಾಡುವ ಔಷಧಿ, ಅದನ್ನೂ ಮಗು ಇರುವ ಹೊಟ್ಟೆಗೇ ಚುಚ್ಚುವುದು. ಯಾರಾದರೂ ಬುದ್ಧಿ ಇರುವವರು ಮಾಡುವ ಕೆಲಸವೇ? ಮಗನ ಮುಂದೆ ಕೂತು ಇದನ್ನೇ ಹಿಂದು ಮುಂದು ಮಾಡಿ ಹೇಳಿದಳು. ಮಗ ಕೇಳಿಸಿಕೊಂಡ, ಎದ್ದು ಹೋಗಿ ನರ್ಸಮ್ಮನನ್ನು ಕರೆತಂದ. ಅವನ ಮಟ್ಟಿಗೆ ಅದು ದೊಡ್ಡ ಭಾಷಣ.

ನರ್ಸಮ್ಮ ಬಂದವರೇ ಔಷಧಿಯ ಮಾತು ಎತ್ತಲಿಲ್ಲ. ತಣ್ಣನೆಯ ತೊಟ್ಟಿಯ ಪಕ್ಕ ನಿಂತು ಗೋಡೆಗುಂಟ ಬಂದಿದ್ದ ನೀರಿನ ಪೈಪನ್ನು ನೋಡಿದರು.

"ಐಸಮ್ಮ, ಈ ಪೈಪಿನೊಳಗೇ ಐಸ್ ಕಟ್ಕೊಂಡ್ರೆ ಏನಾಗುತ್ತೆ?"

"ಇನ್ನೇನಾಗುತ್ತೆ, ನೀರು ಬರಲ್ಲ. ಹೋದ ವರ್ಷ ಆಗಿತ್ತಲ್ಲ, ಅರ್ಧ ದಿನ ಕೆಲಸ ಕೆಟ್ಟಿತ್ತು."

"ಆಗ ನಲ್ಲಿನ ಬೈದ್ರಾ?"

"ಪೈಪು ಕಟ್ಟಿದ್ರೆ ನಲ್ಲಿನ ಬೈದು ಏನು ಬಂತು ನರ್ಸಮ್ಮ?"

"ನಿಮ್ಮ ಸೊಸೆಗೆ ಆಗಿರೋದೂ ಅದೇ" ಎಂದರು ನರ್ಸಮ್ಮ.

ಆಮೇಲೆ ಅವರು ನಿಧಾನವಾಗಿ ಬಿಡಿಸಿ ಹೇಳಿದರು. ಮಗುವಿಗೆ ಊಟ, ಉಸಿರು ಎಲ್ಲ ಹೋಗುವುದು ತಾಯಿಯ ರಕ್ತದಿಂದ, ಗರ್ಭಕೋಶಕ್ಕೆ ಅಂಟಿಕೊಂಡಿರುವ ಮಾಸಿನ ಮೂಲಕ, ಹೊಕ್ಕುಳಬಳ್ಳಿಯ ದಾರಿಯಲ್ಲಿ. ಈ ಕಾಯಿಲೆ ಇರುವವರ ರಕ್ತ ಬೇಗ ಹೆಪ್ಪುಗಟ್ಟುತ್ತದೆ. ಮಾಸಿನ ಸಣ್ಣ ಸಣ್ಣ ನಾಳಗಳಲ್ಲಿ ಹಾಗೆ ಗಟ್ಟಿಯಾದರೆ ಮಗುವಿಗೆ ಹೋಗಬೇಕಾದದ್ದು ಹೋಗುವುದಿಲ್ಲ. ಕೆಲವರಿಗೆ ಬೇಗನೆ ಗರ್ಭಪಾತ, ಕೆಲವರಿಗೆ ಬೆಳೆದ ಮಗುವೇ ಹೊಟ್ಟೆಯಲ್ಲಿ ತೀರಿಹೋಗುವುದು, ಕೆಲವರಿಗೆ ರಕ್ತದೊತ್ತಡ ಏರುವುದು, ಕೆಲವರ ಮಗು ಬೆಳೆಯದೆ ಸಣ್ಣದಾಗಿಯೇ ಉಳಿಯುವುದು. ಹೊರಗಿನ ಥಂಡಿಗೂ ಇದಕ್ಕೂ ಸಂಬಂಧವಿಲ್ಲ. ಆಸ್ಪಿರಿನ್ ಎಂದರೆ ತಲೆನೋವಿಗೆ ನುಂಗುವಷ್ಟಲ್ಲ, ಬಲು ಕಡಿಮೆ ಪ್ರಮಾಣದ್ದು. ಇಂಜೆಕ್ಷನ್ನಿನ ಹೆಸರು ಹೆಪಾರಿನ್. ಅದು ರಕ್ತವನ್ನು ನೀರು ಮಾಡುವುದಿಲ್ಲ, ಬೇಡದ ಕಡೆ ಗಟ್ಟಿಯಾಗದಂತೆ ತಡೆಯುತ್ತದೆ. ಸೂಜಿ ಚರ್ಮದಡಿಗಷ್ಟೇ ಹೋಗುತ್ತದೆ, ಮಗುವಿನ ಹತ್ತಿರಕ್ಕೂ ಸುಳಿಯುವುದಿಲ್ಲ. ಔಷಧಿಯೂ ಮಾಸನ್ನು ದಾಟಿ ಮಗುವಿನ ರಕ್ತಕ್ಕೆ ಸೇರುವುದಿಲ್ಲ.

ಹಾಗಾದರೆ ಈ ಸಲ ಮಗು ಉಳಿಯುವುದು ಗ್ಯಾರಂಟಿಯೇ ಎಂದು ಐಸಮ್ಮ ಕೇಳಿದಳು. ನರ್ಸಮ್ಮ ಸುಳ್ಳು ಹೇಳಲಿಲ್ಲ. ಗ್ಯಾರಂಟಿ ಯಾರೂ ಕೊಡಲಾರರು, ಆದರೆ ಔಷಧಿ ಸರಿಯಾಗಿ ತೆಗೆದುಕೊಂಡು ತಪಾಸಣೆಗೆ ತಪ್ಪದೆ ಬಂದವರಲ್ಲಿ ಹೆಚ್ಚಿನವರು ಮಗುವನ್ನು ಎತ್ತಿಕೊಂಡೇ ಮನೆಗೆ ಹೋಗುತ್ತಾರೆ ಎಂದರು.

ಐಸಮ್ಮ ಆ ದಿನ ಪೂರ್ತಿ ಮಂಕಾಗಿದ್ದಳು. ನಲ್ಲಿನ ಬೈದು ಏನು ಬಂತು ಎಂದು ತನ್ನ ಬಾಯಿಂದಲೇ ಬಂದ ಮಾತು ಮತ್ತೆ ಮತ್ತೆ ನೆನಪಾಗುತ್ತಿತ್ತು. ಆದರೆ ಸೋಲೊಪ್ಪುವ ಜಾಯಮಾನ ಆಕೆಯದಲ್ಲ. ಏನಾದರೂ ಮಾಡಿಕೊಳ್ಳಿ, ನಾನಂತೂ ನೋಡುವುದಿಲ್ಲ ಎಂದುಬಿಟ್ಟಳು. ಬೆಳಿಗ್ಗೆ ಸೊಸೆ ಡಬ್ಬಿ ತೆಗೆದರೆ ಸಾಕು, ಐಸಮ್ಮನಿಗೆ ಅಂಗಡಿಯಲ್ಲಿ ಅವಸರದ ಕೆಲಸ ನೆನಪಾಗುತ್ತಿತ್ತು. ಗೋಡೆಯ ಆಚೆ ನಿಂತು ಕಿವಿಯನ್ನು ಮಾತ್ರ ಈಚೆ ಬಿಟ್ಟಿರುತ್ತಿದ್ದಳು. ಸೊಸೆ ಸಣ್ಣಗೆ ಉಸಿರೆಳೆದುಕೊಳ್ಳುವ ಸದ್ದಿಗೆ ಆಕೆಯ ಕೈಯ ಕೆಲಸ ನಿಂತುಹೋಗುತ್ತಿತ್ತು. ಸೊಸೆಯ ಹೊಟ್ಟೆಯ ಮೇಲೆ ಅಲ್ಲಲ್ಲಿ ನೀಲಿ ಕಲೆಗಳಾಗಿದ್ದವು. ಅದು ಸಾಮಾನ್ಯ, ಚುಚ್ಚಿದ ಜಾಗವನ್ನು ಉಜ್ಜಬಾರದು, ದಿನಕ್ಕೊಂದು ಜಾಗ ಬದಲಿಸಬೇಕು ಎಂದು ನರ್ಸಮ್ಮ ಹೇಳಿಕೊಟ್ಟಿದ್ದರು.

ಮೂರು ತಿಂಗಳು ದಾಟಿತು. ನಾಲ್ಕು ದಾಟಿತು. ಮಗು ಒದೆಯತೊಡಗಿತು. ಸೊಸೆಯ ಬಾಯಿಯ ಬೀಗ ತಾನಾಗಿ ತೆರೆಯಿತು. ಹಳೆಯ ಗೇಲಿಗಳು ಒಂದೊಂದಾಗಿ ಹೊರಬಂದವು. ಆರನೆಯ ತಿಂಗಳು ಹತ್ತಿರ ಬಂದ ಹಾಗೆ ಐಸಮ್ಮನ ನಿದ್ದೆ ಹಾರಿತು. ಯಾರಿಗೂ ತೋರಿಸಿಕೊಳ್ಳಲಿಲ್ಲ. ಸೊಸೆ ಮಲಗಿದಾಗ ಹೊದಿಕೆ ಸರಿಮಾಡುವ ನೆಪದಲ್ಲಿ ಹೊಟ್ಟೆಯ ಮೇಲೆ ಅಂಗೈ ಇಟ್ಟು, ಒಂದು ಒದೆತ ಸಿಕ್ಕ ಮೇಲೆ ಎದ್ದು ಹೋಗುತ್ತಿದ್ದಳು. ಈ ಮಗು ತನಗೆ ಬೇಕು, ಏನೇ ಆಗಲಿ ಬೇಕು ಎಂದು ಅನ್ನಿಸುತ್ತಿತ್ತು. ಆ ಔಷಧಿಯ ಮೇಲಿದ್ದ ಸಿಟ್ಟು ಯಾವಾಗ ಇಳಿಯಿತೋ ಆಕೆಗೇ ಗೊತ್ತಾಗಲಿಲ್ಲ.

ಅಷ್ಟರಲ್ಲಿ ಬೇಸಿಗೆ ಬಂತು. ಔಷಧಿಯ ಡಬ್ಬಿ ಇದ್ದದ್ದು ಅಡುಗೆಮನೆಯ ಗೂಡಿನಲ್ಲಿ. ಗೋಡೆಯ ಆಚೆ ತೊಟ್ಟಿಯ ಯಂತ್ರ. ಅದು ಓಡುವಷ್ಟು ಹೊತ್ತೂ ಗೋಡೆ ಕಾಯುತ್ತಿತ್ತು. ಒಂದು ಮಧ್ಯಾಹ್ನ ಗೂಡಿಗೆ ಕೈ ಹಾಕಿದ ಐಸಮ್ಮನಿಗೆ ಡಬ್ಬಿ ಬೆಚ್ಚಗೆ ತಾಕಿತು. ಬಿಸಿಯಲ್ಲಿ ಇಡಬಾರದು ಎಂದು ನರ್ಸಮ್ಮ ಮೊದಲ ದಿನವೇ ಹೇಳಿದ್ದರು. ಐಸಮ್ಮನಿಗೆ ವ್ಯಾಪಾರದಲ್ಲಿ ಗೊತ್ತಿದ್ದ ವೈರಿ ಒಂದೇ, ಸೆಕೆ. ಆಕೆಯ ಮಾಲನ್ನೆಲ್ಲ ಹಾಳುಮಾಡುವುದು ಅದು. ಜೋಪಾನವಾಗಿರಬೇಕಾದದ್ದು ಎಂದರೆ ಆಕೆಯ ಮನೆಯಲ್ಲಿ ಎಲ್ಲವೂ ಫ್ರೀಜರಿಗೇ ಹೋಗುತ್ತಿತ್ತು. ಹೂವು, ಹಾಲು, ಒಮ್ಮೆ ಮಗನ ಹೊಸ ವಾಚು ಕೂಡ. ಸೊಸೆ ಮಲಗಿದ್ದಳು, ಮಗ ಗಾಡಿಯ ಜೊತೆ ಹೋಗಿದ್ದ. ಐಸಮ್ಮ ಡಬ್ಬಿಯನ್ನು ಎದೆಗವಚಿಕೊಂಡು ಹೋಗಿ, ಕ್ಯಾಂಡಿಗಳನ್ನೆಲ್ಲ ಸರಿಸಿ, ಫ್ರೀಜರಿನ ತಳದಲ್ಲಿ, ಎಲ್ಲಕ್ಕಿಂತ ಹೆಚ್ಚು ಕೊರೆಯುವ ಜಾಗದಲ್ಲಿ ಇಟ್ಟು ಮುಚ್ಚಳ ಹಾಕಿದಳು. ಅಂದು ಆಕೆಗೆ ಒಳ್ಳೆಯ ನಿದ್ದೆ ಬಂತು.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಡಬ್ಬಿ ತೆಗೆದಳು. ಒಂದು ಇಂಜೆಕ್ಷನ್ನನ್ನು ಬೆಳಕಿಗೆ ಹಿಡಿದಳು. ಒಳಗಿನ ಔಷಧಿ ಕಲ್ಲಾಗಿತ್ತು. ಇನ್ನೊಂದರ ಗಾಜಿನ ಮೇಲೆ ಕೂದಲೆಳೆಯಷ್ಟು ಬಿರುಕು. ನೀರು ಗಟ್ಟಿಯಾದರೆ ಉಬ್ಬುತ್ತದೆ, ತುಂಬಿದ ಬಾಟಲಿ ಒಡೆಯುತ್ತದೆ, ಇದು ಬೀದಿಯಲ್ಲಿ ಬೇರೆ ಯಾರಿಗೆ ಗೊತ್ತಿಲ್ಲದಿದ್ದರೂ ಐಸಮ್ಮನಿಗೆ ಗೊತ್ತು. ಪ್ರೀತಿಯ ಭರದಲ್ಲಿ ಅದೊಂದು ಮರೆತುಹೋಗಿತ್ತು.

ಡಬ್ಬಿಯನ್ನು ಸೆರಗಿನಲ್ಲಿ ಸುತ್ತಿ ಕೂತಳು. ಸ್ವಲ್ಪ ಹೊತ್ತಿಗೆಲ್ಲ ಕರಗಿತು. ಬಿರುಕು ಬಿಟ್ಟದ್ದನ್ನು ತೆಗೆದುಹಾಕಿದರೆ ಉಳಿದವು ನೋಡಲು ಮೊದಲಿನ ಹಾಗೇ ಇದ್ದವು, ತಿಳಿ ನೀರಿನ ಹಾಗೆ. ಗೂಡಿನಲ್ಲಿ ಇಟ್ಟುಬಿಟ್ಟಳು. ಯಾರಿಗೂ ಗೊತ್ತಾಗುವುದಿಲ್ಲ. ಹೇಳಿದರೆ ಏನಾಗುತ್ತದೆ ಎಂದು ಯೋಚಿಸಿದಳು. ಮೊದಲ ದಿನದಿಂದ ಈ ಸೂಜಿ ಬೇಡ ಎಂದವಳು ತಾನು. ಬೇಕೆಂದೇ ಹಾಳುಮಾಡಿದಳು ಎಂದರೆ ಯಾವ ಬಾಯಲ್ಲಿ ಅಲ್ಲ ಎನ್ನುವುದು? ಮಗ ಏನೂ ಅನ್ನುವುದಿಲ್ಲ, ಅವನು ಯಾವತ್ತೂ ಏನೂ ಅನ್ನುವುದಿಲ್ಲ. ಆದರೆ ಮತ್ತೆಂದೂ ಮೊದಲಿನ ಹಾಗೆ ತನ್ನನ್ನು ನೋಡುವುದಿಲ್ಲ.

ಸೊಸೆ ಮುಖ ತೊಳೆದು ಬಂದಳು. ಮಂಚದ ಮೇಲೆ ಕೂತು ಡಬ್ಬಿಯಿಂದ ಒಂದನ್ನು ತೆಗೆದಳು. ಮಗ ಬಾಗಿಲಲ್ಲಿ ಗಾಡಿಯ ಗಾಲಿಗೆ ಎಣ್ಣೆ ಬಿಡುತ್ತಿದ್ದ. ಐಸಮ್ಮನಿಗೆ ಎಂದಿನ ಹಾಗೆ ಅಂಗಡಿಯ ಕೆಲಸ ನೆನಪಾಗಬೇಕಿತ್ತು. ಆಗಲಿಲ್ಲ. ಅಲ್ಲೇ ನಿಂತಳು. ಸೊಸೆ ಎರಡು ಬೆರಳಲ್ಲಿ ಹೊಟ್ಟೆಯ ಚರ್ಮ ಹಿಡಿದು ಸೂಜಿಯ ಟೋಪಿ ತೆಗೆದಾಗ ಐಸಮ್ಮ ಮುಂದೆ ಹೋಗಿ ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಬೇಡ. ಚುಚ್ಕೋಬೇಡ."

ಎಣ್ಣೆಯ ಡಬ್ಬಿ ಕೆಳಗಿಟ್ಟು ಮಗ ಎದ್ದು ಬಂದ. "ಇನ್ನೂ ನಿಂದು ಅದೇ ಹಠನಾ ಅಮ್ಮ? ಈಗಲೂನಾ?"

ಐಸಮ್ಮ ಸೊಸೆಯ ಕೈ ಬಿಡಲಿಲ್ಲ. ನೆಲ ನೋಡುತ್ತ ಎಲ್ಲವನ್ನೂ ಹೇಳಿದಳು. ಗೂಡು ಕಾದದ್ದು, ಡಬ್ಬಿಯನ್ನು ಫ್ರೀಜರಿಗೆ ಹಾಕಿದ್ದು, ಗಾಜು ಬಿರುಕು ಬಿಟ್ಟದ್ದು, ಕರಗಿಸಿ ಮತ್ತೆ ಇಟ್ಟದ್ದು. ಹೇಳಿ ಮುಗಿಸಿ, "ಕೆಡಿಸ್ಬೇಕು ಅಂತ ಇಟ್ಟಿದ್ದಲ್ಲ ಕಣೋ" ಎಂದಷ್ಟೇ ಸೇರಿಸಿದಳು.

ಮೊದಲು ಮಾತಾಡಿದವಳು ಸೊಸೆ. ಸೂಜಿಗೆ ಟೋಪಿ ಹಾಕಿ ಪಕ್ಕಕ್ಕಿಟ್ಟಳು.

"ನಿಮಗೆ ಇದರ ಮೇಲೆ ಇಷ್ಟು ಕಾಳಜಿ ಬಂದಿದೆ ಅಂತ ನನಗೆ ಗೊತ್ತೇ ಇರಲಿಲ್ಲ ಅತ್ತೆ. ನಡೀರಿ, ನರ್ಸಮ್ಮನ್ನ ಕೇಳೋಣ."

ಅಂಗಡಿ ಮುಚ್ಚಿತು. ಮಕ್ಕಳು ಕ್ಯಾಂಡಿಗೆ ಬಂದು ಬಾಗಿಲು ಬಡಿದು ವಾಪಸ್ಸು ಹೋದರು. ಆರೋಗ್ಯ ಕೇಂದ್ರದ ದಾರಿಯಲ್ಲಿ ಐಸಮ್ಮನೇ ಎಲ್ಲರಿಗಿಂತ ಮುಂದೆ. ನರ್ಸಮ್ಮ ಡಬ್ಬಿಯನ್ನು ತಿರುಗಿಸಿ ನೋಡಿ, ಹೆಪ್ಪುಗಟ್ಟಿ ಕರಗಿದ ಇಂಜೆಕ್ಷನ್ ಉಪಯೋಗಿಸಬಾರದು, ನೋಡಲು ಚೆನ್ನಾಗಿದ್ದರೂ ಒಳಗೆ ಕೆಲಸ ಮಾಡುತ್ತದೆ ಎಂದು ನಂಬುವಂತಿಲ್ಲ ಎಂದರು. ಬೇರೆಯದನ್ನು ತರಿಸಿಕೊಟ್ಟರು. ಆ ದಿನದ ಇಂಜೆಕ್ಷನ್ ಸ್ವಲ್ಪ ತಡವಾಯಿತು ಅಷ್ಟೇ, ತಪ್ಪಲಿಲ್ಲ. ಬೈಗುಳ ಕಾಯುತ್ತ ತಲೆ ತಗ್ಗಿಸಿ ನಿಂತಿದ್ದ ಐಸಮ್ಮನಿಗೆ ಅವರು ಹೇಳಿದ್ದು ಬೇರೆ.

"ಕಾದ ಗೂಡಿಂದ ತೆಗೆದಿದ್ದು ಸರಿನೇ ಐಸಮ್ಮ. ಇಟ್ಟ ಜಾಗ ತಪ್ಪಾಯ್ತು. ಬಾಯಿ ಬಿಟ್ಟು ಹೇಳಿದ್ರಲ್ಲ, ಇವತ್ತು ಈ ಮಗೂನ ಕಾದವರು ನೀವೇ."

ಮನೆಯಲ್ಲಿ ಬಿಸಿಲು ಬೀಳದ, ಬಿಸಿ ತಾಕದ ತಣ್ಣನೆಯ ಮೂಲೆಯಲ್ಲಿ ಇಟ್ಟರೆ ಸಾಕು, ಫ್ರೀಜರಿನ ಸಹವಾಸ ಬೇಡ ಎಂದು ನರ್ಸಮ್ಮ ಹೇಳುತ್ತಿದ್ದಂತೆ ಐಸಮ್ಮ ಇನ್ನೊಂದು ಕೇಳಿದಳು. ಆ ಸೂಜಿ ಚುಚ್ಚುವುದನ್ನು ತನಗೂ ಕಲಿಸುತ್ತೀರಾ ಎಂದು. ಸೊಸೆ ಬಾಯಿ ತೆರೆದುಕೊಂಡು ನೋಡಿದಳು.

ಮಾರನೆಯ ಬೆಳಿಗ್ಗೆ ಕೈ ತೊಳೆದು, ಕನ್ನಡಕ ಏರಿಸಿ, ಐಸಮ್ಮ ಸೊಸೆಯ ಮುಂದೆ ಕೂತಳು. ಕಡ್ಡಿ ನೆಟ್ಟಗೆ ನಿಲ್ಲಿಸಿ ಅಭ್ಯಾಸವಾದ ಬೆರಳುಗಳಿಂದ ನೀಲಿ ಕಲೆಗಳಿಲ್ಲದ ಒಂದು ಜಾಗ ಹುಡುಕಿ, ಚರ್ಮ ಹಿಡಿದು, ನಿಧಾನವಾಗಿ ಒತ್ತಿದಳು. ಸೂಜಿಯನ್ನು ಹಳೆಯ ಸೂಜಿಗಳ ಗಟ್ಟಿ ಡಬ್ಬಿಗೆ ಹಾಕಿದ ಮೇಲೂ ಏಳಲಿಲ್ಲ.

"ಪೈಪು ಕಟ್ಟಿದ್ದಕ್ಕೆ ನಿನ್ನ ಬೈದೆ ಕಣೇ ನಾನು. ಮಗು ಕಳ್ಕೊಂಡು ಮಲಗಿದ್ದೋಳನ್ನ ಬೈದೆ. ಹೊಟ್ಟೆಗೆ ಹಾಕ್ಕೋ ಮಗಳೇ."

ಸೊಸೆ ಅತ್ತಳು. ಅತ್ತೆಯೂ ಅತ್ತಳು. ಮೂರು ಮಕ್ಕಳಿಗಾಗಿ ಅಲ್ಲಿಯವರೆಗೆ ಇಬ್ಬರೂ ಬೇರೆ ಬೇರೆ ಕೂತು ಅತ್ತಿದ್ದರು, ಒಟ್ಟಿಗೆ ಅತ್ತದ್ದು ಅದೇ ಮೊದಲು. ಕೊನೆಗೆ ಸೊಸೆಯೇ ಕಣ್ಣೊರೆಸಿಕೊಂಡು, ನರ್ಸಮ್ಮನಿಗಿಂತ ಅತ್ತೆಯ ಕೈಯೇ ಹಗುರ, ಇಷ್ಟು ದಿನ ಸುಮ್ಮನೆ ತಾನೇ ಚುಚ್ಚಿಕೊಂಡು ಸತ್ತೆ ಎಂದಳು.

ಆರನೆಯ ತಿಂಗಳು ದಾಟಿತು. ಆ ವಾರ ಮೂವರೂ ಜೀವ ಅಂಗೈಯಲ್ಲಿ ಹಿಡಿದುಕೊಂಡಿದ್ದರು. ತಪಾಸಣೆಯ ದಿನಗಳಲ್ಲಿ ಈಗ ಐಸಮ್ಮನೂ ಹೋಗುತ್ತಿದ್ದಳು. ರಕ್ತದೊತ್ತಡ ನೋಡುವಾಗ ನರ್ಸಮ್ಮನ ಹೆಗಲ ಮೇಲಿಂದ ಇಣುಕುವಳು, ಸ್ಕ್ಯಾನಿಂಗ್ ಪರದೆಯ ಮೇಲೆ ಏನೂ ತಿಳಿಯದಿದ್ದರೂ ಎಲ್ಲ ತಿಳಿದವಳಂತೆ ತಲೆಯಾಡಿಸುವಳು. ಎಂಟನೆಯ ತಿಂಗಳು ತುಂಬುವ ಹೊತ್ತಿಗೆ ಒಂದು ದಿನ ಸೊಸೆ ವಿಪರೀತ ತಲೆನೋವು, ಕಣ್ಣು ಮಂಜು ಮಂಜು ಎಂದಳು. ಬಿಸಿಲಿಗೆ ಆಗಿರಬೇಕು, ಮಲಗಿದರೆ ಹೋಗುತ್ತದೆ ಎಂದು ಎದುರುಮನೆಯಾಕೆ ಸಮಾಧಾನ ಹೇಳಿದರು. ಐಸಮ್ಮ ಅವರ ಮಾತು ಮುಗಿಯುವುದಕ್ಕೂ ಬಿಡದೆ ಆಟೋ ಕರೆಸಿದಳು. ಆಸ್ಪತ್ರೆಯಲ್ಲಿ ನೋಡಿದರೆ ರಕ್ತದೊತ್ತಡ ಏರಿತ್ತು. ಸರಿಯಾದ ಹೊತ್ತಿಗೆ ಬಂದಿರಿ ಎಂದ ಡಾಕ್ಟರಮ್ಮ ಸೊಸೆಯನ್ನು ಅಲ್ಲೇ ಉಳಿಸಿಕೊಂಡರು. ಒತ್ತಡ ಹತೋಟಿಗೆ ತಂದು, ಯಾವಾಗ ಇಂಜೆಕ್ಷನ್ ನಿಲ್ಲಿಸಬೇಕೆಂದು ಅವರೇ ಹೇಳಿ, ದಿನ ತುಂಬುವುದಕ್ಕೆ ಕೆಲವು ವಾರ ಮೊದಲೇ ಹೆರಿಗೆ ಮಾಡಿಸಿದರು.

ಹೆಣ್ಣು ಮಗು. ಸಣ್ಣದು, ಆದರೆ ಗಟ್ಟಿ ಗಂಟಲಿನದು. ಅದರ ಅಳು ಬಾಗಿಲ ಆಚೆಗೆ ಕೇಳಿಸಿದಾಗ ಮಗ ಗೋಡೆಗೊರಗಿ ನೆಲದ ಮೇಲೇ ಕೂತ. ಐಸಮ್ಮ ಅವನ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡು ನಿಂತಳು. ಮಗುವನ್ನು ಬಟ್ಟೆಯಲ್ಲಿ ಸುತ್ತಿ ತಂದು ಕೈಗೆ ಕೊಟ್ಟಾಗ, ಬೀದಿಯನ್ನೇ ಮಾತಿನಲ್ಲಿ ಗೆದ್ದ ಹೆಂಗಸು ಅದರ ಎದೆಯ ಮೇಲೆ ಅಂಗೈ ಇಟ್ಟು ಬಡಿತ ಎಣಿಸುತ್ತ ನಿಂತಳು.

ಮಗ ತೊಟ್ಟಿಲನ್ನು ಅಟ್ಟದಿಂದ ಇಳಿಸಿದ. ಮನೆಗೆ ಬಂದ ಮೇಲೂ ಬೆಳಿಗ್ಗೆ ಸೂಜಿ ನಡೆದೇ ಇತ್ತು. ಮಗು ಬಂತಲ್ಲ, ಇನ್ನೇಕೆ ಆ ಹಿಂಸೆ ಎಂದು ಮೂಲೆಮನೆಯಾಕೆ ಕೇಳಿದರು. ಹೆತ್ತ ಮೇಲಿನ ವಾರಗಳಲ್ಲೇ ತಾಯಿಯ ಕಾಲಿನಲ್ಲೋ ಎದೆಯಲ್ಲೋ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚು ಎಂದು ಐಸಮ್ಮ ವಿವರಿಸಿದಳು. ಆಮೇಲೆ ಮೊಮ್ಮಗಳನ್ನು ತೊಡೆಯ ಮೇಲೆ ಸರಿಮಾಡಿಕೊಂಡು, "ಮೊಮ್ಮಗಳು ಬಂದಳು ಅಂತ ಮಗಳನ್ನ ಬಿಟ್ಕೊಡೋಕಾಗುತ್ತಾ?" ಎಂದಳು.

ಓದುತ್ತಿರುವ, ಕೇಳುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯಲ್ಲೂ, ಪಕ್ಕದ ಮನೆಯಲ್ಲೂ ಹೀಗೆ ಮಡಿಲು ತುಂಬಿ ಬರಿದಾದವರು ಇರಬಹುದು. ಎಲ್ಲರಿಗೂ ಇದೇ ಕಾಯಿಲೆ ಇರುತ್ತದೆ ಎಂದಲ್ಲ. ಆದರೆ ಗರ್ಭಪಾತ ಮತ್ತೆ ಮತ್ತೆ ಆಗಿದ್ದರೆ, ಬೆಳೆದ ಮಗು ಹೊಟ್ಟೆಯಲ್ಲೇ ತೀರಿಕೊಂಡಿದ್ದರೆ, ಹಿಂದಿನ ಬಸಿರಿನಲ್ಲಿ ರಕ್ತದೊತ್ತಡ ಏರಿ ಬಹಳ ಬೇಗ ಹೆರಿಗೆ ಮಾಡಿಸಬೇಕಾಗಿದ್ದರೆ, ಅಥವಾ ಕಾಲಿನಲ್ಲಿ, ಎದೆಯಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ, ಮುಂದಿನ ಬಸಿರಿಗೆ ಮೊದಲೇ ವೈದ್ಯರನ್ನು ಕಂಡು ಎಪಿಎಸ್ ಪರೀಕ್ಷೆ ಬೇಕೇ ಎಂದು ಬಾಯಿಬಿಟ್ಟು ಕೇಳಿ. ಇದಕ್ಕೆ ಚಿಕಿತ್ಸೆ ಇದೆ. ವೈದ್ಯರು ಹೇಳದೆ ಆಸ್ಪಿರಿನ್ ಆಗಲಿ ಇಂಜೆಕ್ಷನ್ ಆಗಲಿ ಶುರುಮಾಡಬೇಡಿ, ಅವರು ಹೇಳದೆ ನಿಲ್ಲಿಸಲೂ ಬೇಡಿ. ಔಷಧಿಯನ್ನು ಹೇಗೆ ಇಡಬೇಕೆಂದು ಕೊಟ್ಟವರನ್ನೇ ಕೇಳಿಕೊಳ್ಳಿ. ರಕ್ತಸ್ರಾವವಾದರೆ, ಜೋರು ತಲೆನೋವು ಬಂದು ಕಣ್ಣು ಮಂಜಾದರೆ, ಒಂದೇ ಕಾಲು ಊದಿ ನೋಯುತ್ತಿದ್ದರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದಂತಾದರೆ, ಮಗುವಿನ ಒದೆತ ಕಡಿಮೆಯಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಅತ್ತೆಯರೇ, ಅಮ್ಮಂದಿರೇ, ನಿಮಗೊಂದು ಮಾತು. ಮಗು ಕಳೆದುಕೊಂಡು ಗೋಡೆಯ ಕಡೆ ಮುಖ ಮಾಡಿ ಮಲಗಿದವಳನ್ನು ಏನು ಎತ್ತಿದೆ, ಎಲ್ಲಿ ಹೋಗಿದ್ದೆ ಎಂದು ಕೇಳಬೇಡಿ. ಪಕ್ಕದಲ್ಲಿ ಕೂತು ಬೆನ್ನ ಮೇಲೆ ಕೈ ಇಟ್ಟು ಹೇಳಿ: ನಿನ್ನ ತಪ್ಪಲ್ಲ ಮಗಳೇ, ಏಳು, ಡಾಕ್ಟರ ಹತ್ರ ನಾನೂ ಬರ್ತೀನಿ.